ಗೀಜಗನ ಗೂಡೂ ಚಿತ್ರ ಬರೆಯುವ ಯಂತ್ರವೂ

ಕಳೆದ ಮಳೆಗಾಲದಲ್ಲಿ ಒಂದು ಪ್ರೌಢಶಾಲೆಯ ಗೋಡೆಪತ್ರಿಕೆಯನ್ನು ನೋಡುವ ಸಂದರ್ಭ ನನಗೆ ಒದಗಿತು. ಅಂದಿನ ಸಂಚಿಕೆಯ ವಿಷಯ ಊರಿನ ಹಕ್ಕಿಗಳು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಗೀಜಗನ ವಿಚಾರವಾಗಿ ಅರ್ಧ ಪುಟ ಬರೆದು, ಪಕ್ಕದಲ್ಲಿ ಬಣ್ಣದ ದೊಡ್ಡ ಚಿತ್ರವೊಂದನ್ನು ಅಂಟಿಸಿದ್ದ. ಚಿತ್ರವೇನೋ ಬಹು ಸೊಗಸಾಗಿತ್ತು. ಹೊಂಬಿಸಿಲು, ಎಲೆಗಳ ಮೇಲೆ ಮಳೆಯ ಹನಿ, ಕೊಂಬೆಯ ಕವಲಿನಲ್ಲಿ ಬಟ್ಟಲಿನಂಥ ಗೂಡು, ಅದರೊಳಗೆ ಮೂರು ನೀಲಿ ಮೊಟ್ಟೆ, ಅಂಚಿನಲ್ಲಿ ಕುಳಿತ ಹಳದಿ ಹಕ್ಕಿ. ದೋಷ ಒಂದೇ: ಅದು ಗೀಜಗನ ಗೂಡಾಗಿರಲಿಲ್ಲ. ಗೀಜಗನ ಗೂಡು ಸೋರೆಬುರುಡೆಯಂತೆ ಕೊಂಬೆಯಿಂದ ತೂಗುವಂಥದು. ಅದರೊಳಗಿನ ಮೊಟ್ಟೆ ಹೊರಗೆ ನಿಂತವರಿಗೆ ಕಾಣುವುದಿಲ್ಲ. ಕಂಡರೂ ಅದರ ಬಣ್ಣ ಅಚ್ಚ ಬಿಳಿ.

ಹುಡುಗನನ್ನು ಕರೆದು ಕೇಳಿದೆ. “ಅದು ಕಂಪ್ಯೂಟರ್ ಬರೆದದ್ದು, ಸಾರ್” ಎಂದ. ಏನು ಹೇಳಿ ಬರೆಸಿದೆಯಪ್ಪ ಎಂದಾಗ, ತಾನು ಇಂಗ್ಲಿಷಿನಲ್ಲಿ ಬರೆದು ಕೊಟ್ಟಿದ್ದ ಮಾತುಗಳನ್ನು ತೋರಿಸಿದ. ಅವುಗಳ ಅರ್ಥ ಹೀಗೆ: ಗೀಜಗನ ಗೂಡು, ಅತಿ ಸುಂದರ, ಅತಿ ನೈಜ, ಮೇರುಕೃತಿ, ಉತ್ಕೃಷ್ಟ ಗುಣಮಟ್ಟ, 8ಕೆ. ಕೊನೆಯ ಐದು ಮಾತುಗಳನ್ನು ಒಬ್ಬ ಗೆಳೆಯ ಹೇಳಿಕೊಟ್ಟಿದ್ದನಂತೆ. ಅವನ್ನು ಸೇರಿಸಿದರೆ ಯಾವ ಚಿತ್ರವಾದರೂ ಚೆನ್ನಾಗಿ ಬರುತ್ತದಂತೆ. ಶಾಲೆಯ ಹಿಂದಿನ ತೋಟದಲ್ಲಿ, ಬಾವಿಯ ಮೇಲೆ ಬಾಗಿದ ಈಚಲಿನ ಮರದಲ್ಲಿ, ಅದೇ ಹೊತ್ತಿನಲ್ಲಿ ಆರು ಗೀಜಗನ ಗೂಡುಗಳು ತೂಗುತ್ತಿದ್ದುವು.

ಇಂಥ ಸಂದರ್ಭದಲ್ಲಿ ಯಂತ್ರವನ್ನು ಬೈಯುವುದು ಸುಲಭ; ಹುಡುಗನನ್ನು ಬೈಯುವುದು ಇನ್ನೂ ಸುಲಭ. ಶಾಲೆಗಳಲ್ಲಿ ಇಂಥ ಯಂತ್ರಗಳನ್ನು ಕೂಡದೆಂದು ನಿಷೇಧಿಸಬೇಕೆನ್ನುವ ಉಪಾಧ್ಯಾಯರನ್ನು ಬಲ್ಲೆ. ಅವರ ಕಳವಳ ನನಗೆ ಅರ್ಥವಾಗುತ್ತದೆ, ಅವರ ತೀರ್ಮಾನ ಮಾತ್ರ ಒಪ್ಪಿಗೆಯಾಗುವುದಿಲ್ಲ. ಚಿತ್ರಯಂತ್ರಕ್ಕೆ ಸರಿಯಾದ ಮಾತು ಬರೆದುಕೊಡುವುದು, ನನ್ನ ಅಭಿಪ್ರಾಯದಲ್ಲಿ, ಸಸ್ಯಶಾಸ್ತ್ರದ ತರಗತಿಯಲ್ಲಿ ಹೂವೊಂದನ್ನು ಕೈಯಲ್ಲಿ ಹಿಡಿದು ವರ್ಣಿಸುವ ಹಳೆಯ ವಿದ್ಯೆಯ ಇನ್ನೊಂದು ರೂಪ. ಅದನ್ನು ಕಲಿಸಬೇಕಾದ ಸ್ಥಳ ಶಾಲೆಯೇ. ಗುಟ್ಟಿನ ಪದಗಳ ಪಟ್ಟಿಯಾಗಿ ಅದು ಹುಡುಗರ ಕೈಯಿಂದ ಕೈಗೆ ಹೋಗುವಂತೆ ಬಿಟ್ಟರೆ ಮಾತ್ರ ಕೇಡು.

ಈ ಮಾತಿಗೆ ಇಂಗ್ಲಿಷಿನಲ್ಲಿ ‘ಪ್ರಾಂಪ್ಟ್’ ಎಂಬ ಹೆಸರುಂಟು. ನಾಟಕದ ಕಂಪೆನಿಗಳನ್ನು ಕಂಡ ಹಿರಿಯರಿಗೆ ಇದು ಹೊಸ ಶಬ್ದವಲ್ಲ. ಪರದೆಯ ಮರೆಯಲ್ಲಿ ನಿಂತು, ನಟ ತಡವರಿಸಿದಾಗ ಮುಂದಿನ ಮಾತನ್ನು ಪಿಸುಗುಟ್ಟುವವನೇ ಪ್ರಾಂಪ್ಟರ್. ನಟನಿಗೆ ಪಾತ್ರ ಮೊದಲೇ ಬಾಯಿಪಾಠವಾಗಿರುತ್ತದೆ. ಮರೆಯವನು ಒಂದು ಎಳೆಯನ್ನು ಎತ್ತಿಕೊಟ್ಟರೆ ಸಾಕು. ನಮ್ಮ ಯಂತ್ರದ ಸ್ಥಿತಿಯೂ ಹಾಗೆಯೇ. ಅದು ಕಲಿತದ್ದೆಲ್ಲ ಮೊದಲೇ ಕಲಿತಾಗಿದೆ. ನಾವು ಕೊಡುವುದು ಸೂಚನೆ ಮಾತ್ರ. ಆ ಪಾಠ ಯಾವುದು, ಯಾರಿಂದ ಬಂದದ್ದು ಎಂಬುದನ್ನು ತಿಳಿಯದೆ ಸೂಚನೆ ಬರೆಯಹೊರಟವನು ನಾಟಕದ ಹೆಸರನ್ನೇ ಅರಿಯದ ಪ್ರಾಂಪ್ಟರನಂತೆ.

ಯಂತ್ರವನ್ನು ತರಬೇತು ಮಾಡುವವರು ಅಂತರಜಾಲದ ಪುಟಗಳಿಂದ ಚಿತ್ರಗಳನ್ನೂ, ಅವುಗಳಿಗೆ ಪುಟ ಮಾಡಿದವರು ಬರೆದಿಟ್ಟಿದ್ದ ಅಡಿಬರಹಗಳನ್ನೂ ಜೋಡಿಜೋಡಿಯಾಗಿ ಒಟ್ಟುಗೂಡಿಸುತ್ತಾರೆ. 2022ರಲ್ಲಿ ಪ್ರಕಟವಾದ ‘ಲಾಯನ್-5ಬಿ’ ಎಂಬ ಸಂಗ್ರಹದಲ್ಲಿ ಇಂಥ ಸುಮಾರು 585 ಕೋಟಿ ಜೋಡಿಗಳಿದ್ದುವು. ಅವುಗಳಲ್ಲಿ ಸುಮಾರು 230 ಕೋಟಿ ಅಡಿಬರಹಗಳು ಇಂಗ್ಲಿಷಿನವು. ಉಳಿದವುಗಳಲ್ಲಿ ನೂರಕ್ಕೂ ಹೆಚ್ಚು ಭಾಷೆಗಳು ಪಾಲು ಹಂಚಿಕೊಂಡಿದ್ದುವು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಬಿಡುಗಡೆಯಾದ ‘ಸ್ಟೇಬಲ್ ಡಿಫ್ಯೂಷನ್’ ಯಂತ್ರ ಈ ಸಂಗ್ರಹದ ಭಾಗಗಳಿಂದ ಕಲಿತದ್ದು.

ಕಲಿಸುವ ಕ್ರಮ ವಿಚಿತ್ರವಾದುದು. ಒಂದು ಚಿತ್ರದ ಮೇಲೆ ಗೊತ್ತುಗುರಿಯಿಲ್ಲದ ಚುಕ್ಕೆಗಳನ್ನು ಸ್ವಲ್ಪಸ್ವಲ್ಪವಾಗಿ ಎರಚುತ್ತ ಹೋಗುತ್ತಾರೆ. ಕಡೆಗೆ ಚಿತ್ರ ಅಳಿದು ಬರಿಯ ಚುಕ್ಕೆಗಳ ಮುಸುಕು ಉಳಿಯುತ್ತದೆ. ನಿಲಯ ಸಿಕ್ಕದ ಹಳೆಯ ಟೆಲಿವಿಷನ್ನಿನ ಪರದೆಯನ್ನು ನೆನೆದುಕೊಂಡರೆ ಇದು ಸ್ಪಷ್ಟವಾದೀತು. ಎರಚಿದ ಚುಕ್ಕೆಗಳು ಯಾವುವು ಎಂಬುದನ್ನು ಊಹಿಸುವುದೇ ಯಂತ್ರಕ್ಕೆ ಕೊಟ್ಟ ಲೆಕ್ಕ. ಅಸಂಖ್ಯ ಚಿತ್ರಗಳ ಮೇಲೆ ಈ ಲೆಕ್ಕವನ್ನು ಮಾಡಿ ಮಾಡಿ ಅದು ಪಳಗುತ್ತದೆ. 2015ರಲ್ಲಿ ಅಮೆರಿಕದ ಸಂಶೋಧಕರು ಈ ದಾರಿಯನ್ನು ಸೂಚಿಸಿದರು. 2020ರಲ್ಲಿ ಬರ್ಕ್ಲಿಯ ವಿದ್ವಾಂಸರು ಇದರಿಂದ ಉತ್ತಮ ಚಿತ್ರಗಳು ಹುಟ್ಟುವುವೆಂದು ತೋರಿಸಿದರು. ಚಿತ್ರ ಬೇಕಾದಾಗ ಇದನ್ನೇ ತಲೆಕೆಳಗು ಮಾಡುವುದು. ಮೊದಲು ಬರಿಯ ಚುಕ್ಕೆಗಳ ಮುಸುಕು. ಅದರಿಂದ ‘ಬೇಡದ’ ಚುಕ್ಕೆಗಳನ್ನು ಹಂತಹಂತವಾಗಿ ತೆಗೆಯುತ್ತ ಬಂದರೆ, ಇಪ್ಪತ್ತು ಮೂವತ್ತು ಹಂತಗಳಲ್ಲಿ ಚಿತ್ರವೊಂದು ಮೂಡಿ ನಿಲ್ಲುತ್ತದೆ. ಮೊದಲಿನ ಮುಸುಕು ಬೇರೆಯಾದರೆ ಕೊನೆಯ ಚಿತ್ರವೂ ಬೇರೆ. ಒಂದೇ ಮಾತಿಗೆ ಹತ್ತು ಸಲ ಹತ್ತು ಚಿತ್ರ ಬರುವುದಕ್ಕೆ ಕಾರಣ ಇದು.

ನಾವು ಬರೆದ ಸೂಚನೆ ಎಲ್ಲಿ ಕೆಲಸ ಮಾಡುತ್ತದೆ? ಪ್ರತಿಯೊಂದು ಹಂತದಲ್ಲಿಯೂ. ಸ್ಟೇಬಲ್ ಡಿಫ್ಯೂಷನ್ ಮೊದಲಾದ ಯಂತ್ರಗಳು ಒಂದೊಂದು ಹಂತದಲ್ಲಿ ಎರಡು ಊಹೆಗಳನ್ನು ಮಾಡುತ್ತವೆ: ಸೂಚನೆಯನ್ನು ಓದಿಕೊಂಡು ಒಂದು, ಓದದೆ ಇನ್ನೊಂದು. ಎರಡಕ್ಕೂ ಇರುವ ಅಂತರವನ್ನು ಹಲವು ಪಟ್ಟು ಹಿಗ್ಗಿಸಿ, ಆ ದಿಕ್ಕಿಗೆ ಚಿತ್ರವನ್ನು ಎಳೆಯುತ್ತವೆ. ಆ ದಿಕ್ಕನ್ನು ಗೊತ್ತುಮಾಡುವುದು ಯಾವುದು? ಅಂಥ ಮಾತುಗಳ ಜೊತೆಯಲ್ಲಿ ಹಿಂದೆ ಬಂದಿದ್ದ ಚಿತ್ರಗಳು. ‘ಗೂಡು’ ಎಂದೊಡನೆ ಕೊಂಬೆಯ ಕವಲು, ಬಟ್ಟಲು, ನೀಲಿ ಮೊಟ್ಟೆ ಮೂಡಿದುದು ಇದರಿಂದಲೇ. ಅಮೆರಿಕದ ರಾಬಿನ್ ಹಕ್ಕಿಯ ಮೊಟ್ಟೆ ನೀಲಿ. ಇಂಗ್ಲಿಷಿನ ಪುಟಗಳಲ್ಲಿ ಗೂಡೆಂದರೆ ಎದುರಾಗುವ ಚಿತ್ರ ಬಹುಪಾಲು ಅಂಥದೇ. ಯಂತ್ರ ಸುಳ್ಳು ಹೇಳಿತೆನ್ನುವಂತಿಲ್ಲ. ಗೀಜಗನ ವಿಚಾರವಾಗಿ ತನಗೆ ಕೊಟ್ಟ ಮಾತು ಸಾಲದೆ ಹೋದಾಗ, ತಾನು ಹೆಚ್ಚಾಗಿ ಕಂಡುದನ್ನು ತುಂಬಿಕೊಂಡಿತು, ಅಷ್ಟೆ.

ಇದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನ ಕೈಗಡಿಯಾರ. ಅಂಗಡಿಗಳ ಜಾಹೀರಾತಿನಲ್ಲಿ ಗಡಿಯಾರದ ಮುಳ್ಳುಗಳು ಬಹುಮಟ್ಟಿಗೆ ಹತ್ತು ಗಂಟೆ ಹತ್ತು ನಿಮಿಷವನ್ನೇ ತೋರಿಸುವುದನ್ನು ನೀವು ಗಮನಿಸಿರಬಹುದು; ಮುಳ್ಳುಗಳು ಎರಡು ಬದಿಗೂ ಸಮವಾಗಿ ಚಾಚಿ, ತಯಾರಕರ ಹೆಸರನ್ನು ಮರೆಮಾಡದಿರಲೆಂದು ಹಾಗೆ ಇಡುತ್ತಾರೆ. ಈ ಚಿತ್ರಗಳನ್ನು ನೋಡಿ ಕಲಿತ ಯಂತ್ರಕ್ಕೆ, ಮೂರೂವರೆ ಗಂಟೆ ತೋರಿಸುವ ಗಡಿಯಾರ ಬೇಕೆಂದು ಹೇಳಿದರೂ, ಅದು ಮತ್ತೆ ಮತ್ತೆ ಹತ್ತು ಹತ್ತನ್ನೇ ಬರೆದುಕೊಡುತ್ತಿತ್ತು. ಈಚಿನ ಕೆಲವು ಯಂತ್ರಗಳು ಈ ವಿಚಾರದಲ್ಲಿ ಸುಧಾರಿಸಿವೆಯಾದರೂ ಪರೀಕ್ಷೆಗೆ ಇದು ಒಳ್ಳೆಯ ಪ್ರಶ್ನೆ. ನಿಮ್ಮ ಕೈಗೆ ಎಟುಕುವ ಯಂತ್ರದಲ್ಲಿ ಒಮ್ಮೆ ಮಾಡಿನೋಡಿ.

ಇನ್ನು ‘ಬೇಡ’ ಎಂಬ ಮಾತು. ನಮ್ಮ ಹುಡುಗನಿಗೆ ಅವನ ದೋಷವನ್ನು ತಿಳಿಸಿದ ಮೇಲೆ ಅವನು ಮೊದಲು ಮಾಡಿದ ತಿದ್ದುಪಡಿ ‘ಮೊಟ್ಟೆ ಕಾಣಬಾರದು’ ಎಂದು ಸೇರಿಸಿದುದು. ಬಂದ ಚಿತ್ರದಲ್ಲಿ ಮೊಟ್ಟೆಗಳು ಐದು! ಇದು ಯಂತ್ರದ ಹಟವಲ್ಲ. ಅಡಿಬರಹ ಬರೆಯುವವರು ಚಿತ್ರದಲ್ಲಿ ಇರುವುದನ್ನು ಬರೆಯುತ್ತಾರೆಯೇ ಹೊರತು ಇಲ್ಲದುದನ್ನು ಬರೆಯುವುದಿಲ್ಲ. ‘ಇಲ್ಲ’ ಎಂಬ ಶಬ್ದಕ್ಕೆ ಹೊಂದುವ ಚಿತ್ರವನ್ನು ಅಂಥ ಯಂತ್ರ ಹೆಚ್ಚಾಗಿ ಕಂಡೇ ಇಲ್ಲ. ‘ಮೊಟ್ಟೆ’ ಎಂಬ ಶಬ್ದಕ್ಕಾದರೋ ಲಕ್ಷಾಂತರ ಕಂಡಿದೆ. ಆದುದರಿಂದ ಬೇಡದ ವಸ್ತುವಿನ ಹೆಸರನ್ನೇ ಎತ್ತದೆ, ಅದರ ಜಾಗದಲ್ಲಿ ಏನಿದೆ ಎಂಬುದನ್ನು ಹೇಳುವುದು ಲೇಸು. ಕೆಲವು ಯಂತ್ರಗಳಲ್ಲಿ ಬೇಡದುದನ್ನು ಬರೆಯಲು ಬೇರೆಯೇ ಒಂದು ಮನೆಯನ್ನು ಇಟ್ಟಿರುತ್ತಾರೆ. ಅಲ್ಲಿ ಬರೆದುದು ಮೇಲೆ ಹೇಳಿದ ಎರಡನೆಯ ಊಹೆಯ ಸ್ಥಾನಕ್ಕೆ ಹೋಗಿ, ಚಿತ್ರವನ್ನು ತನ್ನಿಂದ ದೂರಕ್ಕೆ ತಳ್ಳುತ್ತದೆ. ಆ ಮನೆಯಲ್ಲಿ ಮಾತ್ರ ‘ಮೊಟ್ಟೆ’ ಎಂದು ಬರೆದರೆ ಸರಿ.

ಈಗ ಆ ಐದು ಹೊಗಳಿಕೆಯ ಮಾತುಗಳಿಗೆ ಬರೋಣ. ಅವು ಕೇವಲ ಮೂಢನಂಬಿಕೆಯೆಂದು ನಾನು ಹೇಳಲಾರೆ. ನುರಿತ ಚಿತ್ರಕಾರರ ಕೃತಿಗಳು ತುಂಬಿರುವ ಪುಟಗಳಲ್ಲಿ ಅಂಥ ಮಾತುಗಳು ಚಿತ್ರಗಳ ಜೊತೆಯಲ್ಲಿರುತ್ತಿದ್ದುವಾದ್ದರಿಂದ, ಅವನ್ನು ಬರೆದಾಗ ಯಂತ್ರ ಆ ಕಡೆಗೆ ವಾಲುತ್ತಿದ್ದುದು ನಿಜ. ಆದರೆ ಅವು ಎಳೆಯುವುದು ಬೆಡಗಿನ ಕಡೆಗೆ: ಹೊಂಬಿಸಿಲು, ಹನಿ, ಮಸುಕಾದ ಹಿನ್ನೆಲೆ. ಗೂಡಿನ ಬಾಯಿ ಎತ್ತ ಮುಖವಾಗಿದೆ ಎಂಬ ಪ್ರಶ್ನೆಗೆ ‘ಮೇರುಕೃತಿ’ ಎಂಬ ಶಬ್ದದಲ್ಲಿ ಉತ್ತರವಿಲ್ಲ. ವಿಜ್ಞಾನದ ಚಿತ್ರಕ್ಕೆ ಇವುಗಳಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ತಪ್ಪನ್ನು ನಂಬುವಷ್ಟು ಚೆಲುವಾಗಿ ತೋರಿಸುತ್ತವೆ.

ಇದೇ ಗೀಳಿನ ಇನ್ನೊಂದು ಮುಖ ಚಿತ್ರಕಾರರ ಹೆಸರುಗಳನ್ನು ಬಳಸುವುದು. ಪೋಲೆಂಡಿನ ಗ್ರೆಗ್ ರುಟ್ಕೋವ್ಸ್ಕಿ ಎಂಬ ಚಿತ್ರಕಾರರು ಯಕ್ಷಲೋಕದಂಥ ಕಲ್ಪನಾದೃಶ್ಯಗಳಿಗೆ ಪ್ರಸಿದ್ಧರು. 2022ರಲ್ಲಿ ಅವರ ಹೆಸರು ಸಾವಿರಾರು ಜನರ ಸೂಚನೆಗಳಲ್ಲಿ ಸೇರಿಹೋಯಿತು. ಅವರು ಬರೆಯದ ಚಿತ್ರಗಳು ಅವರ ಹೆಸರಿನೊಡನೆ ಎಲ್ಲೆಡೆ ಹರಡಿ, ಅವರ ಸ್ವಂತ ಕೃತಿಗಳನ್ನು ಹುಡುಕುವುದೇ ಕಷ್ಟವಾದೀತೆಂದು ಅವರು ಕಳವಳಪಟ್ಟರು. ಆ ವರ್ಷದ ನವೆಂಬರಿನಲ್ಲಿ ಸ್ಟೇಬಲ್ ಡಿಫ್ಯೂಷನ್ನಿನ ಎರಡನೆಯ ಆವೃತ್ತಿ ಹೊರಬಂದಿತು. ಅದರಲ್ಲಿ ಮಾತನ್ನು ಓದುವ ಭಾಗ ಬದಲಾಗಿದ್ದ ಕಾರಣ ಅವರ ಹೆಸರಿನ ಪ್ರಭಾವ ತಗ್ಗಿಹೋಯಿತು. ಹೆಸರನ್ನೇ ನೆಚ್ಚಿಕೊಂಡಿದ್ದವರು ಬಹಳ ಗೊಣಗಿದರಂತೆ. ‘ಎಡಗಡೆಯಿಂದ ಓರೆಯಾಗಿ ಬೀಳುವ ಬೆಳಕು, ಕಂದು ಮತ್ತು ಹೊಂಬಣ್ಣ, ದಪ್ಪ ಕುಂಚದ ಗೆರೆ’ ಎಂದು ತಾವು ಮೆಚ್ಚಿದ ಗುಣಗಳನ್ನು ಬಿಡಿಸಿ ಹೇಳಬಲ್ಲವರಿಗೆ ಅಷ್ಟು ನಷ್ಟವಾಗಲಿಲ್ಲ. ಬದುಕಿರುವ ಕಲಾವಿದನ ಹೆಸರನ್ನು ಹೀಗೆ ಕೂಲಿಗೆ ಹಚ್ಚುವುದು ನನಗಂತೂ ಸಭ್ಯವೆನಿಸುವುದಿಲ್ಲ.

ವರ್ಣನೆಯೇ ಮುಖ್ಯವೆಂಬುದಕ್ಕೆ ಬಲವಾದ ಸಾಕ್ಷ್ಯ ಯಂತ್ರ ರಚಿಸಿದವರಿಂದಲೇ ದೊರೆತಿದೆ. ಹಳೆಯ ಯಂತ್ರಗಳಲ್ಲಿ ಒಂದು ಕುಂದು ಎದ್ದು ಕಾಣುತ್ತಿತ್ತು: ನೀಲಿ ಘನದ ಮೇಲೆ ಕೆಂಪು ಘನವನ್ನು ಇಡೆಂದರೆ ಯಾವುದು ಮೇಲೆ, ಯಾವುದು ಕೆಳಗೆ, ಯಾವ ಬಣ್ಣ ಯಾವುದಕ್ಕೆ ಎಂಬುದು ಕಲಸಿಹೋಗುತ್ತಿತ್ತು. 2022ರ ‘ಡಾಲ್-ಇ 2’ ಯಂತ್ರವನ್ನು ಮಾಡಿದವರೇ ತಮ್ಮ ಪ್ರಬಂಧದಲ್ಲಿ ಇದನ್ನು ಒಪ್ಪಿಕೊಂಡಿದ್ದಾರೆ. ಮರುವರ್ಷ ಅದರ ಮೂರನೆಯ ಆವೃತ್ತಿ ಬಂದಾಗ ಇದು ಬಹಳಷ್ಟು ಸುಧಾರಿಸಿತ್ತು. ಏನು ಮಾಡಿದರು? ಅಂತರಜಾಲದ ಅಡಿಬರಹಗಳು ತೀರ ಬಡವಾಗಿವೆಯೆಂದೂ, ಎಷ್ಟು, ಎಲ್ಲಿ, ಯಾವ ಬಣ್ಣ, ಹಿಂದೆ ಏನಿದೆ ಎಂಬುದನ್ನು ಅವು ಹೇಳುವುದಿಲ್ಲವೆಂದೂ ಕಂಡುಕೊಂಡರು. ಬಳಿಕ ಚಿತ್ರಗಳನ್ನು ವಿವರವಾಗಿ ವರ್ಣಿಸುವ ಬೇರೊಂದು ಯಂತ್ರದಿಂದ ಹೊಸ ಅಡಿಬರಹಗಳನ್ನು ಬರೆಯಿಸಿ, ನೂರಕ್ಕೆ ತೊಂಬತ್ತೈದು ಪಾಲು ಅವುಗಳಿಂದಲೇ ಪಾಠ ಹೇಳಿಸಿದರು. ಯಂತ್ರಕ್ಕೆ ಚಿತ್ರ ಬರೆಯಲು ಕಲಿಸಹೊರಟವರು ಮೊದಲು ಒಳ್ಳೆಯ ವರ್ಣನೆಯ ಗದ್ಯವನ್ನು ಒದಗಿಸಬೇಕಾಯಿತು. ಪ್ರಬಂಧ ಬರೆಯಿಸುವ ಭಾಷಾ ಉಪಾಧ್ಯಾಯರು ಈ ಸಂಗತಿಯನ್ನು ತಿಳಿದರೆ ಸಂತೋಷಪಟ್ಟಾರು.

ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಇನ್ನೊಂದು ತೊಡಕುಂಟು. 2022ರ ಸ್ಟೇಬಲ್ ಡಿಫ್ಯೂಷನ್ ನಮ್ಮ ಸೂಚನೆಯನ್ನು ತುಣುಕುಗಳಾಗಿ ಒಡೆದು ಓದುತ್ತಿತ್ತು. ಒಟ್ಟು 77 ತುಣುಕುಗಳಿಗೆ ಮಾತ್ರ ಅದರಲ್ಲಿ ಎಡೆ. ಆ ಎಣಿಕೆ ಇಂಗ್ಲಿಷಿಗೆ ಹೊಂದುವಂಥದು. ಕಂಪ್ಯೂಟರಿನ ಸಂಕೇತದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟುಗಳು ಬೇಕಾಗುವುದರಿಂದ, ಚಿಕ್ಕ ವಾಕ್ಯವೊಂದೇ ಆ ಎಡೆಯನ್ನು ತುಂಬಿಬಿಡುತ್ತಿತ್ತು. ಓದಿದ ಅಷ್ಟನ್ನೂ ಅದು ಅರ್ಥಮಾಡಿಕೊಳ್ಳುತ್ತಲೂ ಇರಲಿಲ್ಲ. ಈಗಿನ ಹಲವು ಯಂತ್ರಗಳು ಕನ್ನಡದ ವಾಕ್ಯವನ್ನೂ ಸ್ವೀಕರಿಸುತ್ತವೆ. ಆದರೆ ವಾಕ್ಯ ತಿಳಿದ ಮಾತ್ರಕ್ಕೆ ವಸ್ತು ತಿಳಿದಂತಾಗಲಿಲ್ಲ. ‘ಮೊರ’ ಎಂದರೆ ಬೇರೆ ಯಾವುದೋ ದೇಶದ ದುಂಡು ಬುಟ್ಟಿ ಬಂದರೂ ಬಂದೀತು. ಆಗ ಹೆಸರನ್ನು ಬಿಟ್ಟು ವಸ್ತುವನ್ನೇ ಹೇಳಬೇಕು: ಬಿದಿರಿನ ಸೀಳುಗಳಿಂದ ಹೆಣೆದದ್ದು, ಚಪ್ಪಟೆ, ಮೂರು ಬದಿಗೆ ಅಂಚು ಎದ್ದಿದೆ, ಮುಂದಿನ ಬದಿ ತೆರೆದು ಅಗಲವಾಗಿದೆ. ಮನೆಯಲ್ಲಿ ದಿನವೂ ಕಾಣುವ ಮೊರವನ್ನು ಹೀಗೆ ವರ್ಣಿಸಲು ಎಷ್ಟು ಮಂದಿಗೆ ಕೂಡಲೆ ಬಾಯಿ ಬರುತ್ತದೆ? ನನಗೂ ಎದ್ದುಹೋಗಿ ನೋಡಿ ಬರಬೇಕಾಯಿತು.

ಹುಡುಗನನ್ನು ನಾನು ಕಳುಹಿಸಿದುದೂ ಅದಕ್ಕೇ. ಬಾವಿಯ ಬಳಿಗೆ ಹೋಗಿ, ಅರ್ಧ ಗಂಟೆ ಕುಳಿತು, ಕಂಡುದನ್ನು ಬರೆದುಕೊಂಡು ಬಾರೆಂದೆ. ಅವನು ಎರಡು ಸಂಜೆ ಕುಳಿತ. ಮೂರನೆಯ ದಿನ ತಂದ ಬರಹ ಹೀಗಿತ್ತು: “ಈಚಲ ಗರಿಯ ತುದಿಯಿಂದ ನೀರಿನ ಮೇಲೆ ತೂಗುವ ಗೂಡು. ಹುಲ್ಲಿನ ಉದ್ದ ಎಳೆಗಳಿಂದ ಹೆಣೆದಿದೆ. ಹೊಸದು ಹಸಿರು, ಹಳೆಯದು ಒಣಗಿ ಕಂದು. ಮೇಲೆ ಸಣ್ಣ ಕುತ್ತಿಗೆ, ನಡುವೆ ಉಬ್ಬಿದ ಹೊಟ್ಟೆ, ಒಂದು ಪಕ್ಕದಿಂದ ಕೆಳಕ್ಕೆ ಇಳಿದ ಕೊಳವೆ. ಕೊಳವೆಯ ಬಾಯಿ ನೆಲದ ಕಡೆ ತೆರೆದಿದೆ. ಗೂಡಿಗೆ ತಲೆಕೆಳಗಾಗಿ ಜೋತು ರೆಕ್ಕೆ ಬಡಿಯುವ ಗಂಡು: ನೆತ್ತಿ ಹಳದಿ, ಕೆನ್ನೆ ಕಪ್ಪುಗಂದು, ಗಾತ್ರ ಗುಬ್ಬಿಯಷ್ಟು. ಪಕ್ಕದಲ್ಲಿ ಇನ್ನೊಂದು ಗೂಡು ಅರ್ಧ ಮಾತ್ರ ಆಗಿದೆ, ಶಿರಸ್ತ್ರಾಣದ ಹಾಗೆ.”

ಇದನ್ನು ಇಂಗ್ಲಿಷಿಗೆ ತಿರುಗಿಸಿ ಯಂತ್ರಕ್ಕೆ ಕೊಟ್ಟೆವು. ಮೊದಲಿನ ಬಟ್ಟಲು ಹೋಗಿ ತೂಗುವ ಗೂಡು ಬಂದಿತು. ನಾಲ್ಕನೆಯ ಸಲಕ್ಕೆ ಕೊಳವೆಯ ಬಾಯಿ ಕೆಳಕ್ಕೆ ತಿರುಗಿತು. ಅರ್ಧ ಗೂಡು ಮಾತ್ರ ಎಷ್ಟು ಹೇಳಿದರೂ ಸರಿಯಾಗಿ ಬರಲಿಲ್ಲ. ಪ್ರತಿಸಲವೂ ಹರಿದ ಗೂಡು ಬಂದಿತು, ಕಟ್ಟುತ್ತಿರುವ ಗೂಡು ಬರಲಿಲ್ಲ. ಹಕ್ಕಿಯ ಜೀವನದಲ್ಲಿ ಮುಖ್ಯವಾದ ಘಟ್ಟವೇ ಅದು. ಗಂಡು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಹೆಣ್ಣು ಬಂದು ನೋಡಿ ಒಪ್ಪಿದರೆ ಮಾತ್ರ ಮುಂದಿನ ಕೆಲಸ. ಹುಡುಗನಿಗೆ ಇದು ಮೊದಲು ತಿಳಿದಿರಲಿಲ್ಲ. ‘ಇದು ಏಕೆ ಅರ್ಧಕ್ಕೇ ನಿಂತಿದೆ?’ ಎಂದು ಅವನೇ ಕೇಳಿದಾಗ ಉಪಾಧ್ಯಾಯರು ವಿವರಿಸಿದರು. ಯಂತ್ರ ಬರೆಯಲಾರದೆ ಹೋದ ಜಾಗದಲ್ಲಿ ಅವನು ತನ್ನ ಪೆನ್ಸಿಲಿನ ಚಿತ್ರವನ್ನು ಅಂಟಿಸಿದ.

ಒಂದು ಗೋಡೆಪತ್ರಿಕೆಯ ತಪ್ಪಿಗೆ ಇಷ್ಟು ಗಲಾಟೆಯೇಕೆ ಎಂದು ಕೇಳಬಹುದು. 2024ರ ಫೆಬ್ರವರಿಯಲ್ಲಿ ಜೀವಕೋಶ ವಿಜ್ಞಾನದ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ಇಲಿಯ ಅಂಗರಚನೆಯ ಚಿತ್ರವೊಂದು ಅಚ್ಚಾಯಿತು. ಚಿತ್ರಯಂತ್ರದಿಂದ ಮಾಡಿಸಿದ್ದೆಂದು ಲೇಖಕರೇ ತಿಳಿಸಿದ್ದರು. ಅಂಗಗಳ ಗಾತ್ರ ಅಸಂಬದ್ಧ; ಗುರುತಿಗೆಂದು ಬರೆದ ಹೆಸರುಗಳು ಯಾವ ನಿಘಂಟಿನಲ್ಲಿಯೂ ಇಲ್ಲದ ಅಕ್ಷರಗಳ ಗುಂಪು. ಆದರೂ ಅದು ಪತ್ರಿಕೆಯ ಪರಿಶೀಲನೆಯನ್ನು ದಾಟಿ ಬಂದಿತ್ತು. ಓದುಗರು ನಕ್ಕ ಮೇಲೆ, ಕೆಲವೇ ದಿನಗಳಲ್ಲಿ, ಲೇಖನವನ್ನು ಹಿಂತೆಗೆದುಕೊಂಡರು. ಅದು ನಗುವಷ್ಟು ಕೆಟ್ಟದಾಗಿದ್ದುದರಿಂದ ಸಿಕ್ಕಿಬಿದ್ದಿತು. ನೀಲಿ ಮೊಟ್ಟೆಯ ಗೀಜಗನನ್ನು ನೋಡಿ ಯಾರೂ ನಗುವುದಿಲ್ಲ. ನನ್ನ ಭಯ ಅಂಥವುಗಳದು. ನಗರದಲ್ಲಿ ಬೆಳೆದ, ಗೀಜಗನ ಗೂಡನ್ನು ಕಾಣದ ಮಗು ಅದನ್ನೇ ಸತ್ಯವೆಂದು ತಿಳಿದೀತು. ಅಂಥ ಚಿತ್ರಗಳು ಪುನಃ ಅಂತರಜಾಲಕ್ಕೆ ಸೇರಿದರೆ ಮುಂದಿನ ಯಂತ್ರವೂ ಅದನ್ನೇ ಪಾಠವಾಗಿ ಓದೀತು.

ಯಂತ್ರಗಳು ದಿನದಿನಕ್ಕೆ ಚುರುಕಾಗುತ್ತಿವೆ, ಇನ್ನು ಮುಂದೆ ಎರಡು ಶಬ್ದ ಹೇಳಿದರೆ ಸಾಕು, ಈ ವರ್ಣನೆಯ ಶ್ರಮವೆಲ್ಲ ವ್ಯರ್ಥ ಎನ್ನುವವರೂ ಇದ್ದಾರೆ. ಈ ವಾದದಲ್ಲಿ ಸತ್ಯಾಂಶವಿದೆ. ಮೇಲೆ ಹೇಳಿದ ಮೂರನೆಯ ಡಾಲ್-ಇಯಲ್ಲಿಯೇ, ನಾವು ಬರೆದ ಚಿಕ್ಕ ಸೂಚನೆಯನ್ನು ಮಾತಿನ ಯಂತ್ರವೊಂದು ಓದಿ, ಹಿಗ್ಗಿಸಿ, ಅನಂತರ ಚಿತ್ರದ ಯಂತ್ರಕ್ಕೆ ಕೊಡುವ ಏರ್ಪಾಡು ಇತ್ತು. ಹಾಗಾದರೆ ವರ್ಣನೆ ತಪ್ಪಿತೆ? ತಪ್ಪಲಿಲ್ಲ, ಬರೆಯುವವರು ಬೇರೆಯಾದರು. ‘ಒಬ್ಬ ರೈತ’ ಎಂದಷ್ಟೇ ಬರೆದು ಸುಮ್ಮನಾದರೆ, ಅವನ ವಯಸ್ಸೆಷ್ಟು, ತಲೆಯ ಮೇಲೆ ಏನಿದೆ, ಅವನು ಗಂಡಸೋ ಹೆಂಗಸೋ, ಹೊಲದಲ್ಲಿರುವುದು ರಾಗಿಯೋ ಗೋಧಿಯೋ ಎಂಬುದನ್ನೆಲ್ಲ ಇನ್ನೊಂದು ಕಡೆ ಯಾವುದೋ ಸರಾಸರಿ ತೀರ್ಮಾನಿಸುತ್ತದೆ. ಕತೆಯ ಅಲಂಕಾರಕ್ಕಾದರೆ ಇದರಿಂದ ದೊಡ್ಡ ಹಾನಿಯೇನೂ ಇಲ್ಲ. ನಾನು ಕಂಡ ವಸ್ತು ಇದು ಎಂದು ಸಹಪಾಠಿಗಳ ಮುಂದೆ ಇಡುವ ಚಿತ್ರದಲ್ಲಿ ಆ ತೀರ್ಮಾನವನ್ನು ನಮ್ಮ ಹುಡುಗರು ಬಿಟ್ಟುಕೊಡಬಾರದೆಂದು ನನಗೆ ತೋರುತ್ತದೆ.

ಆದುದರಿಂದ ಶಾಲೆ ಕಾಲೇಜುಗಳ ಗೋಡೆಪತ್ರಿಕೆಗಳ ಸಂಪಾದಕರಲ್ಲಿ ನನ್ನದೊಂದು ಚಿಕ್ಕ ಬೇಡಿಕೆ. ಯಂತ್ರದ ಚಿತ್ರಗಳನ್ನು ಧಾರಾಳವಾಗಿ ಹಾಕಿರಿ. ಆದರೆ ಪ್ರತಿಯೊಂದು ಚಿತ್ರದ ಕೆಳಗೂ ಅದನ್ನು ಬರೆಯಿಸಿದ ಸೂಚನೆಯನ್ನು ಪೂರ್ತಿಯಾಗಿ, ಒಂದು ಶಬ್ದವನ್ನೂ ಬಿಡದೆ, ಬರೆದಿಡಿರಿ. ಪಕ್ಕದಲ್ಲಿ, ಆ ವಸ್ತುವನ್ನು ಬರೆದವರು ಕಣ್ಣಾರೆ ಕಂಡರೋ ಇಲ್ಲವೋ ಎಂಬುದನ್ನೂ ಸೇರಿಸಿರಿ. ಚಿತ್ರದಲ್ಲಿ ವಿದ್ಯಾರ್ಥಿ ಹೇಳಿದ್ದೆಷ್ಟು, ಯಂತ್ರ ತುಂಬಿಕೊಂಡದ್ದೆಷ್ಟು ಎಂಬುದನ್ನು ಆಗ ಓದುವವರೇ ಹೋಲಿಸಿ ನೋಡಬಹುದು. ಇದಕ್ಕೆ ಹಾಳೆಯಲ್ಲಿ ಬೇಕಾಗುವ ಜಾಗ ಎರಡು ಅಂಗುಲ.